ಮಸಾಲೆ ಅತ್ತರೂ ಮೈಯ ಬಿಸಿಯೂ: ಒಂದು ಭಾನುವಾರದ ಪಾಠ



ನಮ್ಮ ವಾಚನಾಲಯದ ಬಾಗಿಲ ಬಳಿ ಒಂದು ಹಳೆಯ ಬೆಂಚು ಇರುವುದನ್ನು ನೀವೆಲ್ಲ ಬಲ್ಲಿರಿ. ದೀಪದ ಬೆಳಕು ಅಲ್ಲಿಗೆ ಸರಿಯಾಗಿ ಬೀಳದ ಕಾರಣ ಅಲ್ಲಿ ಕುಳಿತು ಓದುವವರು ಕಡಿಮೆ. ಆದರೂ ದಾದರಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ ಮಿತ್ರರೊಬ್ಬರು ಕೆಲವು ತಿಂಗಳಿಂದ ಆ ಬೆಂಚನ್ನೇ ಹಿಡಿದಿದ್ದರು. ಅವರು ಕುಂದಾಪುರದ ಕಡೆಯವರು. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವರು. ಗಾಳಿಗೆ ಆಸೆಪಟ್ಟು ಅಲ್ಲಿ ಕೂರುತ್ತಾರೆಂದು ನಾವು ತಿಳಿದಿದ್ದೆವು.

ಒಂದು ಸಂಜೆ ಅವರ ಕುತ್ತಿಗೆಯ ಮೇಲೆ ಕೆಂಪು ದದ್ದು ಕಾಣಿಸಿತು. ಏನಾಯಿತೆಂದು ವಿಚಾರಿಸಿದೆವು. ಮೊದಲು ಹೇಳಲು ಸಂಕೋಚಪಟ್ಟರು. ಅನಂತರ ತಗ್ಗಿದ ದನಿಯಲ್ಲಿ ಹೇಳಿದರು: “ಎಂತ ಹೇಳುದು ಮಾರಾಯ್ರೆ, ಮೈಗೆ ಹೋಟೆಲಿನ ವಾಸನೆ ಅಂಟಿಕೊಂಡಿದೆ. ನಿಮ್ಮೆಲ್ಲರ ಮಧ್ಯೆ ಹೇಗೆ ಕೂತುಕೊಳ್ಳುದು? ಅದಕ್ಕೇ ರಸ್ತೆ ಬದಿಯಲ್ಲಿ ಒಂದು ಅತ್ತರು ತಕೊಂಡೆ. ಶೀಶೆಯಲ್ಲಿ ಒಳ್ಳೆ ಪರಿಮಳ ಇತ್ತು. ಮೈಗೆ ಹಚ್ಚಿ ಎರಡು ಗಂಟೆ ಆಗುವಾಗ ಬೇರೆಯೇ ಒಂದು ವಾಸನೆ. ಮತ್ತೆ ಈ ಉರಿ.”

ಈ ಮಾತು ಕೇಳಿ ನಮಗೆ ನಾಚಿಕೆಯಾಯಿತು. ಇಷ್ಟು ತಿಂಗಳು ಒಬ್ಬ ಮನುಷ್ಯ ಬೆಳಕಿಲ್ಲದ ಕಡೆ ಕುಳಿತು ಓದಿದ್ದಾನೆ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರ ಮಾತಿನಲ್ಲಿ ಕಲಿಯತಕ್ಕ ಪ್ರಶ್ನೆಗಳೂ ಇದ್ದವು. ಶೀಶೆಯಲ್ಲಿ ಒಂದು ರೀತಿಯಿರುವ ಪರಿಮಳ ಮೈಮೇಲೆ ಏಕೆ ಬದಲಾಗುತ್ತದೆ? ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಏಕೆ ಉರಿ ತರುತ್ತದೆ? ನಾವು ಮೆಟ್ರಿಕ್‌ವರೆಗೆ ಮಾತ್ರ ಓದಿದವರು. 1982ರ ಮುಷ್ಕರದ ತರುವಾಯ ಗಿರಣಗಾಂವಿನ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದ ಮೇಲೆ ಭಿವಂಡಿಯ ಕಡೆಗೆ ಅನ್ನ ಹುಡುಕಿಕೊಂಡು ಹೋದ ಗುಮಾಸ್ತರ ಪೈಕಿಯವರು. ಆದರೆ ಪುಸ್ತಕ ತೆಗೆದು ನೋಡಲು, ಕೈಯಾರೆ ಪರೀಕ್ಷಿಸಲು ಪದವಿಯೇನೂ ಬೇಕಿಲ್ಲವಷ್ಟೆ. ಹಾಗೆ ಓದಿ, ಮಾಡಿ ನೋಡಿ, ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅತ್ತರು ಎಂದರೇನು?

ಹೂವು, ಬೇರು, ತೊಗಟೆ, ಮಸಾಲೆ ಪದಾರ್ಥಗಳ ಪರಿಮಳವನ್ನು ಆವಿಯ ಮೂಲಕ ಹೊರಗೆ ತೆಗೆದು ಎಣ್ಣೆಯೊಂದರಲ್ಲಿ ಹಿಡಿದಿಟ್ಟರೆ ಅದು ಅತ್ತರು. ಉತ್ತರ ಪ್ರದೇಶದ ಕನೌಜ್ ಪಟ್ಟಣ ಈ ಕಸುಬಿಗೆ ಹೆಸರಾದದ್ದು. ಅಲ್ಲಿನ ಹಳೆಯ ಪದ್ಧತಿ ಹೀಗಿದೆ: ತಾಮ್ರದ ದೊಡ್ಡ ಹಂಡೆಯಲ್ಲಿ ನೀರನ್ನೂ ಸುಗಂಧ ದ್ರವ್ಯವನ್ನೂ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಬೆಂಕಿ ಹಾಕುತ್ತಾರೆ. ಆವಿಯು ಬಿದಿರಿನ ಕೊಳವೆಯ ಮೂಲಕ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ. ಅದರೊಳಗೆ ಮೊದಲೇ ಶ್ರೀಗಂಧದೆಣ್ಣೆ ಇರುತ್ತದೆ. ಆವಿ ತಣಿದು ನೀರಾದಾಗ ಪರಿಮಳವನ್ನು ಗಂಧದೆಣ್ಣೆ ಹಿಡಿದುಕೊಳ್ಳುತ್ತದೆ. ಕೆಳಗೆ ನಿಂತ ನೀರನ್ನು ಬಸಿದು ತೆಗೆಯುತ್ತಾರೆ.

ಹೂವಿನ ಅತ್ತರುಗಳಲ್ಲದೆ ಮಸಾಲೆಯ ಅತ್ತರೂ ಉಂಟು. ಅದರಲ್ಲಿ ಪ್ರಸಿದ್ಧವಾದುದು ‘ಶಮಾಮಾ’. ಲವಂಗ, ಏಲಕ್ಕಿ, ಜಾಯಿಕಾಯಿ, ಜಾಪತ್ರೆ, ಜಟಾಮಾಂಸಿ, ಕಲ್ಲುಹೂವು ಮುಂತಾದ ಅನೇಕ ವಸ್ತುಗಳು ಅದಕ್ಕೆ ಬೀಳುತ್ತವೆ. ಪ್ರತಿ ಮನೆತನಕ್ಕೂ ಅದರದೇ ಆದ ಪಾಕ. ನಮ್ಮ ಮನೆಗಳಲ್ಲಿ ಸಾರಿನ ಪುಡಿ ಒಬ್ಬೊಬ್ಬ ತಾಯಿಯ ಕೈಯಲ್ಲಿ ಒಂದೊಂದು ರೀತಿಯಾಗುವುದಿಲ್ಲವೇ, ಹಾಗೆಯೇ ಇದೂ.

ನಮ್ಮ ನಾಡಿನ ಗಂಧವಿದ್ಯೆ

ಇದು ನಮಗೆ ಪರಕೀಯ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಹೆಸರೇ ಹೇಳುವಂತೆ ಅದು ಲೋಕದ ಜನಕ್ಕೆ ಉಪಯೋಗವಾಗಲೆಂದು ಬರೆದದ್ದು. ನೆಲದೊಳಗಿನ ನೀರನ್ನು ಕಂಡುಹಿಡಿಯುವುದು, ಮರಗಿಡಗಳ ಆರೈಕೆ, ಅಡಿಗೆ ಇವುಗಳ ಜೊತೆಗೆ ಸುಗಂಧ ದ್ರವ್ಯಗಳನ್ನು ತಯಾರಿಸುವ ವಿಷಯವೂ ಅದರಲ್ಲಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ಮೈಗೆ ಗಂಧಲೇಪನ ಇವುಗಳಿಗೆ ಪ್ರತ್ಯೇಕ ಭಾಗಗಳೇ ಇವೆ.

ಶ್ರೀಗಂಧದ ವಿಷಯವನ್ನಂತೂ ಹೇಳಬೇಕಾದುದೇ ಇಲ್ಲ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಕೊರಡುಗಳು ಹಡಗು ಹತ್ತಿ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧ ಬಂದು ಆ ದಾರಿ ಕಟ್ಟಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಎಣ್ಣೆಯನ್ನು ನಮ್ಮಲ್ಲೇ ತೆಗೆಯಲು ನಿಶ್ಚಯಿಸಿತು. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವ್ಯಾಟ್ಸನ್ ಇದಕ್ಕಾಗಿ ಪ್ರಯೋಗ ನಡೆಸಿದರು. 1916-17ರ ವೇಳೆಗೆ ಬೆಂಗಳೂರು ಮೈಸೂರುಗಳಲ್ಲಿ ಗಂಧದೆಣ್ಣೆಯ ಕಾರಖಾನೆಗಳು ನಡೆಯತೊಡಗಿದವು. 1918ರಲ್ಲಿ ಅದೇ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಇಂದು ನಮ್ಮ ಚಾಳಿನ ಸ್ನಾನದ ಮೋರಿಯಲ್ಲಿ ಆ ಸಾಬೂನಿನ ತುಣುಕೊಂದು ಇದ್ದರೆ ಅದರ ಹಿಂದೆ ಇಷ್ಟು ಕಥೆಯಿದೆ.

ನಾವು ಮಾಡಿದ ಪರೀಕ್ಷೆ

ದಾದರಿನಿಂದ ಮಧ್ಯ ರೈಲ್ವೆಯ ನಿಧಾನದ ಗಾಡಿ ಹತ್ತಿ, ಮಸ್ಜಿದ್ ನಿಲ್ದಾಣದಲ್ಲಿ ಇಳಿದು, ಮಹಮ್ಮದಲಿ ರಸ್ತೆಗೆ ನಡೆದೆವು. ಮಿನಾರಾ ಮಸೀದಿಯ ಸುತ್ತ ಅತ್ತರಿನ ಅಂಗಡಿಗಳಿವೆ. ಅಲ್ಲಿ ಈಗಲೂ ತೊಲೆಯ ಲೆಕ್ಕ ನಡೆಯುತ್ತದೆ. ತೊಲೆಯೆಂದರೆ ಸುಮಾರು 11.66 ಗ್ರಾಂ. ನಾಲ್ವರು ಸೇರಿ ಹಣ ಹಾಕಿ ಕಾಲು ತೊಲೆ ಶಮಾಮಾ ಕೊಂಡೆವು. 300 ರೂಪಾಯಿ ಆಯಿತು. ಅಂಗಡಿಯ ಮುದುಕರು ಪ್ರಾಮಾಣಿಕರು. “ಈ ಬೆಲೆಗೆ ಶುದ್ಧ ಗಂಧದೆಣ್ಣೆಯ ಮೇಲೆ ಇಳಿಸಿದ್ದು ಸಿಗುವುದಿಲ್ಲ, ಇದರಲ್ಲಿ ಗಂಧ ಸ್ವಲ್ಪ, ಬೇರೆ ಎಣ್ಣೆ ಹೆಚ್ಚು” ಎಂದು ತಾವಾಗಿಯೇ ಹೇಳಿದರು. ಗಂಧದ ಮರ ವಿರಳವಾಗಿ ಬೆಲೆ ಏರಿದ ಮೇಲೆ ಲಿಕ್ವಿಡ್ ಪ್ಯಾರಾಫಿನ್ ಮುಂತಾದ ವಾಸನೆಯಿಲ್ಲದ ಎಣ್ಣೆಗಳನ್ನು ಬೆರೆಸುವುದು ಈ ವ್ಯಾಪಾರದಲ್ಲಿ ಸಾಮಾನ್ಯವಾಗಿದೆ.

ಭಾನುವಾರ ಬೆಳಿಗ್ಗೆ 10 ಗಂಟೆಗೆ ವಾಚನಾಲಯದ ಮೇಜಿನ ಸುತ್ತ ಕುಳಿತೆವು. ದೋಸೆಯ ಮಿತ್ರರು ರಜೆ ಪಡೆದು ಬಂದಿದ್ದರು. ಕುತ್ತಿಗೆಯ ದದ್ದು ಪೂರ್ತಿ ಮಾಯವಾದ ಮೇಲೆಯೇ, ಎರಡು ದಿನ ಮುಂಚೆ ಮೊಣಕೈಯ ಒಳಬದಿಯಲ್ಲಿ ಈ ಅತ್ತರನ್ನು ಹಚ್ಚಿ ನೋಡಿಯೇ, ಅವರನ್ನು ಸೇರಿಸಿಕೊಂಡೆವು. ಎರಡನೆಯವರು ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ತರುಣ. ಮೂರನೆಯವರು ಧಾರವಾಡದ ಬ್ಯಾಂಕು ಗುಮಾಸ್ತರು. ನಾಲ್ಕನೆಯವರು ನಾವು. ಪ್ರತಿಯೊಬ್ಬರ ಎಡಮಣಿಕಟ್ಟಿಗೆ ಒಂದೊಂದು ಹನಿ, ಒಂದು ಕಾಗದದ ಪಟ್ಟಿಗೆ ಒಂದು ಹನಿ, ಒಗೆದ ಹತ್ತಿಯ ಕೈವಸ್ತ್ರಕ್ಕೆ ಒಂದು ಹನಿ. ಗಡಿಯಾರ ನೋಡಿ, ಕಂಡದ್ದನ್ನು ವಹಿಯಲ್ಲಿ ಬರೆಯುತ್ತ ಹೋದೆವು.

ಐದು ನಿಮಿಷಕ್ಕೆ ಎಲ್ಲ ಮಣಿಕಟ್ಟುಗಳಲ್ಲೂ ಏಲಕ್ಕಿ, ಕರ್ಪೂರದಂತಹ ಚುರುಕು. ಮೂಗಿಗೆ ತಣ್ಣಗೆ ತಾಗಿತು.

ಅರ್ಧ ಗಂಟೆಗೆ ಏಲಕ್ಕಿ ಹಿಂದೆ ಸರಿಯಿತು. ಲವಂಗದ ಘಾಟು ಎದ್ದಿತು. ಕಾಗದದ ಮೇಲೆ ಮಾತ್ರ ಇನ್ನೂ ಏಲಕ್ಕಿಯದೇ ರಾಜ್ಯ.

ಎರಡು ಗಂಟೆಗೆ ನಾಲ್ಕು ಕೈ ನಾಲ್ಕು ದಾರಿ ಹಿಡಿದವು. ದೋಸೆಯ ಮಿತ್ರರ ಕೈಯಲ್ಲಿ ಲವಂಗವೂ ಅರ್ಧ ಅಡಗಿತ್ತು. ಸ್ನಾನವಾದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದ ಕಲಬುರಗಿಯ ತಮ್ಮನ ಕೈಯಲ್ಲಿ ಮಸಾಲೆ ಇನ್ನೂ ತುಂಬಿತ್ತು. ನಮ್ಮ ಹಾಗೂ ಬ್ಯಾಂಕಿನವರ ಕೈ ಇವೆರಡರ ನಡುವೆ. ಕಾಗದವು ಆಗಷ್ಟೇ ನಮ್ಮ ಅರ್ಧ ಗಂಟೆಯ ಸ್ಥಿತಿಗೆ ಬಂದಿತ್ತು.

ಆರು ಗಂಟೆಯ ಮೇಲೆ, ಅಂದರೆ ಸಂಜೆ 4ರ ಸುಮಾರಿಗೆ, ಎಲ್ಲರ ಕೈಯಲ್ಲೂ ಮಸಾಲೆ ಬಹುಮಟ್ಟಿಗೆ ಹೋಗಿ, ಬೇರಿನ, ಮಣ್ಣಿನ, ಗಂಧದ ಮೆದುವಾದ ವಾಸನೆ ಉಳಿದಿತ್ತು. ಕಲಬುರಗಿಯ ತಮ್ಮ ಕೈ ಮೂಸಿ ಹೇಳಿದ: “ಮುಂಜಾನಿ ಏಲಕ್ಕಿ ಇತ್ತು ನೋಡ್ರಿ ಅಣ್ಣಾರ, ಈಗ ಗುಡಿ ಒಳಗ ಕುಂತಂಗ ಅನಸ್ಲಿಕತ್ತದ.” ಕೈವಸ್ತ್ರದಲ್ಲಿ ಮಾರನೆಯ ದಿನವೂ ಪರಿಮಳವಿತ್ತು.

ಹೀಗೇಕೆ?

ಅತ್ತರಿನಲ್ಲಿರುವುದು ಒಂದೇ ವಸ್ತುವಲ್ಲ. ಹತ್ತಾರು, ನೂರಾರು ಬಗೆಯ ಕಣಗಳ ಗುಂಪು. ಅದನ್ನು ನಮ್ಮ ಸಂಜೆಯ ಲೋಕಲ್ ಗಾಡಿಗೆ ಹೋಲಿಸಬಹುದು. ಹಗುರಾದ ಕೈಚೀಲದವರು ಗಾಡಿ ನಿಲ್ಲುವ ಮೊದಲೇ ಮಾಟುಂಗಾದಲ್ಲಿ ಇಳಿದುಬಿಡುತ್ತಾರೆ. ಗಂಟು ಮೂಟೆಯವರು ಕಲ್ಯಾಣದವರೆಗೂ ಕುಳಿತೇ ಇರುತ್ತಾರೆ. ಏಲಕ್ಕಿಯ ಚುರುಕಿಗೆ ಮುಖ್ಯ ಕಾರಣವಾದ ಸಿನಿಯೋಲ್ ಹಗುರ ವಸ್ತು. ಅದು ಕುದಿಯುವುದು ಸುಮಾರು 176 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಲವಂಗದ ಯೂಜಿನಾಲ್ ಸುಮಾರು 254 ಡಿಗ್ರಿಯಲ್ಲಿ. ಶ್ರೀಗಂಧದ ಸಂಟಲಾಲ್ ಕುದಿಯಲು ಸುಮಾರು 300 ಡಿಗ್ರಿ ಬೇಕು.

ಮೈಮೇಲೆ ಅಷ್ಟು ಬಿಸಿ ಎಲ್ಲಿದೆ ಎಂದು ಕೇಳಬಹುದು. ಆರುವುದಕ್ಕೆ ಕುದಿಯಲೇಬೇಕೆಂದಿಲ್ಲ. ಚಾಳಿನ ಹಗ್ಗದ ಮೇಲೆ ಹರವಿದ ಪಂಚೆ ಕುದಿಯದೆಯೇ ಆರುತ್ತದೆ. ಬೇಗ ಕುದಿಯುವ ವಸ್ತು ಸಾಮಾನ್ಯವಾಗಿ ಬೇಗ ಆರುತ್ತದೆ, ಅಷ್ಟೇ. ಮಣಿಕಟ್ಟಿನ ಚರ್ಮದ ಬಿಸಿ ಸುಮಾರು 32ರಿಂದ 34 ಡಿಗ್ರಿ. ಕಾಗದಕ್ಕೆ ಸ್ವಂತ ಬಿಸಿ ಇಲ್ಲ. ಆದ್ದರಿಂದ ಅದರ ಮೇಲೆ ಆಟ ನಿಧಾನ. ಅಂಗಡಿಯವರು ಕಾಗದದ ಪಟ್ಟಿಯ ಮೇಲೆ ತೋರಿಸುವ ಪರಿಮಳ ನಿಮ್ಮ ಕೈಮೇಲಿನ ಪರಿಮಳವಲ್ಲವೆಂಬುದನ್ನು ಇದರಿಂದ ತಿಳಿಯಬೇಕು.

ಇನ್ನು ಕೈಯಿಂದ ಕೈಗೆ ವ್ಯತ್ಯಾಸ. ಚರ್ಮದಲ್ಲಿ ಜಿಡ್ಡಿದ್ದರೆ ಸುಗಂಧದ ಕಣಗಳು ಅದರಲ್ಲಿ ಕರಗಿ ತಡವಾಗಿ ಹೊರಡುತ್ತವೆ. ಒಣ ಚರ್ಮದ ಮೇಲೆ ಅವು ಬೇಗ ಹಾರಿಹೋಗುತ್ತವೆ. ದೋಸೆಯ ಮಿತ್ರರು ದಿನಕ್ಕೆ ಎಷ್ಟೋ ಬಾರಿ ಸಾಬೂನಿನಿಂದ ಕೈ ತೊಳೆಯುವವರು; ಅವರ ಚರ್ಮ ಒಣಗಿದೆ. ತಮ್ಮನ ಕೈಮೇಲೆ ಕೊಬ್ಬರಿ ಎಣ್ಣೆಯಿತ್ತು. ನಮ್ಮ ವಹಿಯ ಲೆಕ್ಕಕ್ಕೆ ಈ ವಿವರಣೆ ಹೊಂದುತ್ತದೆ. ನಾಲ್ಕೇ ಕೈಗಳಿಂದ ಶಾಸ್ತ್ರ ಹೇಳುವುದು ತರವಲ್ಲ. ಆದರೂ ದಿಕ್ಕು ತಿಳಿಯಿತು.

ಬೆವರಿನ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ಆಗತಾನೆ ಬಂದ ಬೆವರಿಗೆ ಹೆಚ್ಚು ವಾಸನೆಯಿಲ್ಲ. ಕಂಕುಳು ಮುಂತಾದ ಕಡೆ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ತಿಂದು ಒಡೆದಾಗ ನಾತ ಹುಟ್ಟುತ್ತದೆ. ಅತ್ತರು ಅದನ್ನು ಹೋಗಲಾಡಿಸುವುದಿಲ್ಲ. ಅದರ ಜೊತೆ ಬೆರೆತು ಮೂರನೆಯದೊಂದು ವಾಸನೆಯಾಗುತ್ತದೆ. ನಮ್ಮ ಮಿತ್ರರಿಗೆ ಎರಡು ಗಂಟೆಯ ಮೇಲೆ ಕಂಡ ‘ಬೇರೆಯೇ ವಾಸನೆ’ಗೆ, ಮೇಲಿನ ಪರಿಮಳ ಆರಿಹೋದದ್ದು ಒಂದು ಕಾರಣ, ಇದು ಇನ್ನೊಂದು ಕಾರಣವಿರಬಹುದು. ಮೊದಲು ನೀರು ಸಾಬೂನು, ಒಗೆದ ಬಟ್ಟೆ, ಅತ್ತರು ಆಮೇಲೆ.

ಮೂಗಿನ ಮರೆವು

ವಾಸನೆಯನ್ನು ಹಿಡಿಯುವ ಗ್ರಾಹಕಗಳು ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆ. ಇವುಗಳ ಜಾಡನ್ನು ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಒಂದೇ ವಾಸನೆ ಸತತವಾಗಿ ಬರುತ್ತಿದ್ದರೆ ಮೂಗು ಸ್ವಲ್ಪ ಹೊತ್ತಿನಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ನಮ್ಮ ಗಿರಣಿಗೆ ಹೊಸಬರು ಬಂದರೆ ಬಣ್ಣದ ಖಾತೆಯ ವಾಸನೆಗೆ ಮೂಗು ಮುಚ್ಚುತ್ತಾರೆ. ನಮಗದು ಎಂದೋ ತಿಳಿಯದಾಗಿದೆ. ಅತ್ತರು ಹಚ್ಚಿದವರು “ಹೋಗಿಬಿಟ್ಟಿತು” ಎಂದು ಮತ್ತೆ ಮತ್ತೆ ಬಳಿದುಕೊಂಡು ಪಕ್ಕದವರಿಗೆ ತಲೆನೋವು ತರುವುದೂ ಇದರಿಂದಲೇ.

ಹಾಗಾದರೆ ನಮ್ಮ ಮೈಯ ವಾಸನೆಯ ವಿಷಯದಲ್ಲಿ ನಮ್ಮ ಮೂಗು ಒಳ್ಳೆಯ ಸಾಕ್ಷಿಯಲ್ಲ. ಇದನ್ನೂ ಪರೀಕ್ಷಿಸಿದೆವು. ಹಿಂದಿನ ದಿನ ವಾಚನಾಲಯಕ್ಕೆ ಬಂದಾಗ ತೊಟ್ಟಿದ್ದ ಅಂಗಿಯನ್ನು ಪ್ರತಿಯೊಬ್ಬರೂ ಕಾಗದದ ಚೀಲದಲ್ಲಿ ತಂದಿದ್ದೆವು. ಗ್ರಂಥಪಾಲರು ಹೆಸರು ತಿಳಿಯದಂತೆ ಅಂಕಿ ಹಾಕಿಟ್ಟರು. ಕಣ್ಣು ಮುಚ್ಚಿ ಮೂಸಿ, ‘ಹೋಟೆಲಿನ ಅಂಗಿ’ ಯಾವುದೆಂದು ಹೇಳಬೇಕು. ನಾಲ್ವರೂ ಮೂರನೆಯ ಚೀಲವನ್ನೇ ತೋರಿಸಿದೆವು. ದೋಸೆಯ ಮಿತ್ರರಂತೂ “ಇದು ನನ್ನದೇ, ಸಂಶಯವೇ ಇಲ್ಲ” ಎಂದು ತಲೆ ತಗ್ಗಿಸಿದರು.

ಚೀಲ ಬಿಚ್ಚಿದರೆ ಅದು ನಮ್ಮ ಅಂಗಿ! ಯಂತ್ರದ ಎಣ್ಣೆ, ಗಾಡಿಯ ನೂಕುನುಗ್ಗಲು, ದಾರಿಯಲ್ಲಿ ತಿಂದ ವಡಾಪಾವ್, ಎಲ್ಲ ಸೇರಿ ಆ ಕೀರ್ತಿ ನಮಗೆ ಬಂದಿತ್ತು. ಮಿತ್ರರ ಅಂಗಿಯಲ್ಲಿ ಇದ್ದದ್ದು ಒಗೆದ ಸಾಬೂನಿನ ವಾಸನೆ ಮಾತ್ರ. ಅವರು ಕೆಲಸದ ಬಟ್ಟೆಯನ್ನು ಹೋಟೆಲಿನಲ್ಲೇ ಬಿಟ್ಟು, ಸ್ನಾನ ಮಾಡಿ, ಬೇರೆ ಅಂಗಿ ತೊಟ್ಟು ಇಲ್ಲಿಗೆ ಬರುವವರು. ಈರುಳ್ಳಿ, ಒಗ್ಗರಣೆಗಳ ವಾಸನೆ ಜಿಡ್ಡಿನೊಡನೆ ಬಟ್ಟೆಗೂ ಕೂದಲಿಗೂ ಅಂಟುವುದು ನಿಜ. ಅದನ್ನು ಅವರು ದಿನವೂ ತೊಳೆದೇ ಬರುತ್ತಿದ್ದರು. ಮನಸ್ಸಿಗೆ ಅಂಟಿದ್ದನ್ನು ಮಾತ್ರ ತೊಳೆದಿರಲಿಲ್ಲ. ಅದನ್ನು ತೊಳೆಯಬೇಕಾದವರು ನಾವಾಗಿದ್ದೆವು.

ಎಚ್ಚರಿಕೆಯ ಮಾತು

ಉರಿಯ ವಿಷಯಕ್ಕೆ ಬರೋಣ. ಮಸಾಲೆಯ ಪದಾರ್ಥವೆಂದ ಮಾತ್ರಕ್ಕೆ ಅದು ಚರ್ಮಕ್ಕೆ ಸೌಮ್ಯವೆಂದು ತಿಳಿಯಬಾರದು. ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಇವೆರಡೂ ಕೆಲವರಿಗೆ ಒಗ್ಗದೆ ದದ್ದು, ತುರಿಕೆ ತರುತ್ತವೆ. ನಮ್ಮ ಮಿತ್ರರ ಶೀಶೆಯಲ್ಲಿ ಏನಿತ್ತೋ ಚೀಟಿಯಿರಲಿಲ್ಲ. ಆದ್ದರಿಂದ ಇಷ್ಟು ನೆನಪಿಡಿರಿ:

1. ಲವಂಗದ ಎಣ್ಣೆ, ದಾಲ್ಚಿನ್ನಿ ಎಣ್ಣೆಗಳನ್ನು ಹಾಗೆಯೇ ಮೈಗೆ ಹಚ್ಚಬಾರದು.

2. ಹೊಸ ಅತ್ತರನ್ನು ಮೊದಲು ಮೊಣಕೈಯ ಒಳಬದಿಯಲ್ಲಿ ಒಂದು ಚುಕ್ಕೆಯಷ್ಟು ಹಚ್ಚಿ, 24ರಿಂದ 48 ಗಂಟೆ ಕಾಯಬೇಕು. ಕೆಂಪಾದರೆ, ತುರಿಸಿದರೆ, ಕೂಡಲೇ ತೊಳೆದು ಆ ಶೀಶೆಯನ್ನು ಮೈಗೆ ಬಳಸುವುದನ್ನು ಬಿಡಬೇಕು. ದದ್ದು ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

3. ಗಾಯ, ಕ್ಷೌರದ ಗೀರು, ಕಣ್ಣಿನ ಸಮೀಪ ಇಲ್ಲೆಲ್ಲ ಬೇಡ. ಮಕ್ಕಳಿಗಂತೂ ಬೇಡವೇ ಬೇಡ.

4. ಶೀಶೆಯ ಬಾಯಿ ಮೂಸಿ ಹಣ ಎಣಿಸಬೇಡಿರಿ. ಅಲ್ಲಿ ಸಿಗುವುದು ಮೊದಲ ಐದು ನಿಮಿಷದ ಪರಿಮಳ. ನಿಮ್ಮ ಜೊತೆ ಇರಬೇಕಾದದ್ದು ಆರನೆಯ ಗಂಟೆಯದು. ಕೈಗೆ ಹಚ್ಚಿಸಿಕೊಂಡು ಹಿಂದಿರುಗಿ, ಒಂದು ದಿನ ನೋಡಿ, ಆಮೇಲೆ ಕಾಲು ತೊಲೆ ಮಾತ್ರ ಕೊಳ್ಳಿರಿ.

ವಾಸನೆಗೆ ಕನ್ನಡದ ಮಾತುಗಳು

ವಹಿ ಬರೆಯುವಾಗ ನಮಗೆ ಇನ್ನೊಂದು ಲಾಭವಾಯಿತು. ಬರೇ ‘ಒಳ್ಳೆಯ ವಾಸನೆ, ಕೆಟ್ಟ ವಾಸನೆ’ ಎಂದು ಬರೆದರೆ ಏನೂ ತಿಳಿಯದು. ಆಗ ಒಬ್ಬೊಬ್ಬರೂ ತಂತಮ್ಮ ಊರಿನ ಮಾತುಗಳನ್ನು ಹೊರತೆಗೆದರು. ಒಣಮೆಣಸಿನಕಾಯಿ ಹುರಿದರೆ ಘಾಟು. ಹಳೆಯ ಎಣ್ಣೆಯದು ಕಮಟು. ಮಳೆಗಾಲದಲ್ಲಿ ಪೆಟ್ಟಿಗೆ ತೆರೆದರೆ ಮುಗ್ಗಲು. ಬೇಯದ ಹಿಟ್ಟಿನದು ಹಸಿ ವಾಸನೆ. ಅವರೆಕಾಯಿಯದು ಸೊಗಡು. ಮಲ್ಲಿಗೆಯದು ಕಂಪು, ಗಂಧದ್ದು ಪರಿಮಳ, ತುಪ್ಪ ಕಾಸಿದರೆ ಘಮಘಮ. ಅಂಗಡಿಯಲ್ಲಿ ಚೀಟಿಯ ಮೇಲಿನ ಇಂಗ್ಲಿಷು ಹೆಸರನ್ನು ನೋಡಿ ಬೆರಗಾಗುವ ಬದಲು, ಈ ಮಾತುಗಳಿಂದ ಅಳೆದು ನೋಡಿದರೆ ಮೂಗೂ ಚುರುಕಾಗುತ್ತದೆ, ಭಾಷೆಯೂ ಉಳಿಯುತ್ತದೆ.

ಅಭ್ಯಾಸಕ್ಕೆ

ವಾಚಕರು ತಮ್ಮ ಖೋಲಿಯಲ್ಲಿಯೇ ಮಾಡಬಹುದಾದ ಪಾಠ ಇದು. ಒಂದು ಏಲಕ್ಕಿ, ಎರಡು ಲವಂಗ, ಒಂದು ಚೂರು ಗಂಧದ ಚಕ್ಕೆ ಇಟ್ಟುಕೊಳ್ಳಿರಿ. ಮೂರನ್ನೂ ಬೇರೆಬೇರೆಯಾಗಿ ಜಜ್ಜಿ, ಮೂರು ಬಟ್ಟಲುಗಳಲ್ಲಿ ತೆರೆದಿಡಿರಿ. ಪ್ರತಿ ಸಂಜೆ ಮೂಸಿ, ಯಾವುದು ಎಂದು ಮಂಕಾಯಿತೆಂದು ಬರೆಯಿರಿ. ಜೊತೆಗೆ ನಿಮ್ಮ ಊರಿನಲ್ಲಿ ವಾಸನೆಗೆ ಬಳಸುವ ಐದು ಮಾತುಗಳನ್ನು ಬರೆದು ವಾಚನಾಲಯದ ಪೆಟ್ಟಿಗೆಗೆ ಹಾಕಿರಿ. ಒಳ್ಳೆಯ ಪಟ್ಟಿಗಳನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ.

ಉಳಿದ ಅತ್ತರು ವಾಚನಾಲಯದ ಕಪಾಟಿನಲ್ಲಿದೆ. ಪರೀಕ್ಷಿಸಬೇಕೆಂದವರು ಗ್ರಂಥಪಾಲರನ್ನು ಕೇಳಬಹುದು. ಬಾಗಿಲ ಬಳಿಯ ಬೆಂಚನ್ನು ಚಪ್ಪಲಿ ಬಿಡುವವರ ಅನುಕೂಲಕ್ಕೆ ಹೊರಗೆ ಹಾಕಲಾಗಿದೆ. ದೋಸೆಯ ಮಿತ್ರರು ಈಗ ದೀಪದ ಕೆಳಗಿನ ಮೇಜಿನಲ್ಲಿ, ನಮ್ಮ ಪಕ್ಕದಲ್ಲೇ ಕುಳಿತು ಪತ್ರಿಕೆ ಓದುತ್ತಾರೆ. ನಾವು ಗಿರಣಿಯಿಂದ ನೇರವಾಗಿ ಬಂದ ದಿನ ಮಾತ್ರ ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿ, “ಅಂಗಿ ಬದಲಿಸಿ ಬನ್ನಿ ಮಾರಾಯ್ರೆ” ಎನ್ನುತ್ತಾರೆ. ಆ ಮಾತು ಕೇಳಲು ನಮಗೆ ಬಹಳ ಹಿತವಾಗಿದೆ.